ಎಡಚಿಯ ಹೊಲಿಗೆ

ದೊಡ್ಡ ಸೊಸೆಗೆ ಹೊಟ್ಟೆಕಿಚ್ಚು ಅಂಟಿಕೊಂಡದ್ದು ಚಿಕ್ಕ ಸೊಸೆ ಮನೆಗೆ ಕಾಲಿಟ್ಟ ದಿನವೇ. ಅದಕ್ಕೆ ಮೊದಲು ಆಕೆ ಒಳ್ಳೆಯವಳೇ ಆಗಿದ್ದಳು ಎಂದು ಆಕೆಯ ಗಂಡ ಈಗಲೂ ಹೇಳುತ್ತಾನೆ. ಹೇಳುವಾಗ ಬಾಗಿಲ ಕಡೆ ಒಮ್ಮೆ ನೋಡಿಕೊಳ್ಳುತ್ತಾನೆ. ಅಣ್ಣತಮ್ಮಂದಿರಿಬ್ಬರು, ಅವರ ತಾಯಿ, ಇಬ್ಬರು ಸೊಸೆಯಂದಿರು. ಎರಡು ಕೋಣೆ, ಒಂದು ನಡುಮನೆ, ಒಂದೇ ಅಡುಗೆಮನೆ. ಓರಗಿತ್ತಿಯರಿಬ್ಬರಿಗೆ ಒಂದೇ ಅಡುಗೆಮನೆ ಎಂದ ಮೇಲೆ ಮಿಕ್ಕದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಚಿಕ್ಕವಳು ಕಾಸಿದ ಚಹಾವನ್ನು ಅತ್ತೆ ಮೊದಲ ಗುಟುಕಿಗೇ "ಹಾ!" ಎಂದು ಕುಡಿಯುತ್ತಿದ್ದರು. ದೊಡ್ಡವಳು ಕಾಸಿದ್ದನ್ನು ಸುಮ್ಮನೆ ಕುಡಿಯುತ್ತಿದ್ದರು. ಚಹಾಪುಡಿ ಒಂದೇ, ಹಾಲು ಒಂದೇ, ಪಾತ್ರೆಯೂ ಒಂದೇ. ಆ "ಹಾ" ಎಲ್ಲಿಂದ ಬರುತ್ತದೆ ಎಂದು ದೊಡ್ಡವಳು ತಲೆ ಕೆಡಿಸಿಕೊಂಡು, ಕೊನೆಗೆ ಸಕ್ಕರೆ ಜಾಸ್ತಿ ಸುರಿದು ನೋಡಿದಳು. ಅತ್ತೆ ಕುಡಿದು, "ಪಾಕ ಮಾಡಿದ್ದೀಯೇನೇ?" ಎಂದು ಕೇಳಿದರು.

ಚಿಕ್ಕವಳು ಎಲ್ಲವನ್ನೂ ಎಡಗೈಯಲ್ಲಿ ಮಾಡುತ್ತಿದ್ದಳು. ಚಾಕು, ಕತ್ತರಿ, ಪೊರಕೆ, ಎಲ್ಲ ಎಡಕ್ಕೆ. ದೊಡ್ಡವಳಿಗೆ ಸಿಕ್ಕ ಒಂದೇ ಕುಂದು ಅದು, ಬಿಡುತ್ತಾಳೆಯೇ? ಕುಟುಕಲೆಂದೇ "ಎಡಚಿ" ಎಂದು ಕರೆದಳು. ವಾರ ಕಳೆಯುವುದರೊಳಗೆ ಗಂಡ ಹಾಗೆ ಕರೆದ, ಮೈದುನ ಹಾಗೆ ಕರೆದ, ಅತ್ತೆ "ನಮ್ಮ ಎಡಚಿ" ಎಂದು ಅಕ್ಕರೆಯಿಂದ ಎಳೆದು ಕರೆದರು. ಚಿಕ್ಕವಳೂ ಕರೆದರೆ ನಕ್ಕು ಓಗೊಡುತ್ತಿದ್ದಳು. ತಾನು ಬೈದ ಬೈಗುಳವೂ ಅವಳಿಗೆ ಮುದ್ದಿನ ಹೆಸರಾಗಿ ಹೋಯಿತಲ್ಲ ಎಂದು ದೊಡ್ಡವಳು ಹಲ್ಲು ಕಡಿದಳು.

ಇದಕ್ಕೆಲ್ಲ ಕಳಶವಿಟ್ಟದ್ದು ಹೊಲಿಗೆಯ ಶೆಡ್ಡು. ಊರ ಅಂಚಿನಲ್ಲಿ ತಗಡಿನ ಮಾಡಿನ ಉದ್ದನೆಯ ಶೆಡ್ಡು. ಅದರಲ್ಲಿ ಹೊಲಿಗೆ ಮಿಷನ್ನುಗಳ ಸಾಲು. ಡೇರೆ, ಚೀಲ, ಹೊದಿಕೆ ಎಲ್ಲ ಅಲ್ಲಿ ಹೊಲಿದದ್ದುಂಟು. ಈಗ ಮಾತ್ರ ಒಂದೇ ಕೆಲಸ: ಎರಡು ಬೆರಳಗಲದ ನೈಲಾನ್ ಪಟ್ಟಿಯ ತುದಿಯನ್ನು ಮಡಚಿ ಕುಣಿಕೆ ಮಾಡಿ ಹೊಲಿಯುವುದು. ಬಿಳಿ ಪಟ್ಟಿ, ನುಣುಪು, ಮಕ್ಕಳ ಜಡೆಗೆ ಕಟ್ಟಬಹುದಾದಷ್ಟು ಚೆಂದ. ಅದು ಹೋಗುವುದು ಬಾಂಬಿಗೆ. ವಿಮಾನದಿಂದ ಬೀಳುವ ದೊಡ್ಡ ಬಾಂಬಿನ ಹೊಟ್ಟೆಯಲ್ಲಿ ಮುಷ್ಟಿಗಾತ್ರದ ನೂರಾರು ಮರಿ ಬಾಂಬುಗಳು. ಒಂದೊಂದಕ್ಕೂ ಈ ಪಟ್ಟಿಯೇ ಬಾಲ. ಗಾಳಿಗೆ ಬಾಲ ಸುತ್ತಿದಾಗ ಒಳಗಿನ ಕೀಲು ಬಿಚ್ಚಿ ಮರಿ ಸಿಡಿಯಲು ಸಿದ್ಧವಾಗುತ್ತದೆ. ಕೆಲವು ಬಿದ್ದ ತಕ್ಷಣ ಸಿಡಿಯುತ್ತವೆ. ಕೆಲವು ಸಿಡಿಯದೆ ಹೊಲದಲ್ಲಿ, ಅಂಗಳದಲ್ಲಿ ಬಿದ್ದುಕೊಂಡು ಯಾರಾದರೂ ಮುಟ್ಟಲಿ ಎಂದು ಕಾಯುತ್ತವೆ. ಇದು ಹೊಲಿಯುವವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. "ನಾವೇನು ಬಾಂಬ್ ಮಾಡ್ತೀವಾ? ಪಟ್ಟಿ ಹೊಲೀತೀವಿ," ಎಂದು ಸೂಪರ್‌ವೈಸರ್ ಹೇಳುತ್ತಿದ್ದ. ಆ ಮಾತು ಎಲ್ಲರಿಗೂ ಅನುಕೂಲವಾಗಿತ್ತು.

ಚಿಕ್ಕವಳನ್ನು ಶೆಡ್ಡಿಗೆ ಕರೆತಂದದ್ದು ದೊಡ್ಡವಳೇ. ದಾರ ಪೋಣಿಸುವುದರಿಂದ ಹಿಡಿದು ಪೆಡಲಿನ ಮೇಲೆ ಕಾಲಿಡುವವರೆಗೆ ಎಲ್ಲವನ್ನೂ ಕಲಿಸಿದಳು. ಎಡಗೈಯವಳು ತಿಣುಕಾಡುವುದನ್ನು ನಾಲ್ಕು ಜನ ನೋಡಲಿ ಎಂಬ ಆಸೆಯೂ ಕಲಿಸುವಾಗ ಇತ್ತೆನ್ನಿ. ಆದರೆ ಚಿಕ್ಕವಳು ತಿಣುಕಲಿಲ್ಲ. ಉಳಿದವರು ಕುಣಿಕೆಯ ಮೇಲೆ ನೇರ ಹೊಲಿದು ದಾರ ಕತ್ತರಿಸಿದರೆ, ಈಕೆ ಕತ್ತರಿಸುವ ಮೊದಲು ಪಟ್ಟಿಯನ್ನು ಚೂರು ತಿರುಗಿಸಿ, ಮೂಲೆಯಲ್ಲಿ ಓರೆಯಾಗಿ ಒಂದು ಪುಟ್ಟ ಹೊಲಿಗೆ ಹಾಕುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಪರೀಕ್ಷೆಯ ಮೇಜಿನಲ್ಲಿ ಹಿಡಿದು ಜಗ್ಗಿದರೆ ಅವಳ ಕುಣಿಕೆ ಒಂದೂ ಬಿಡುತ್ತಿರಲಿಲ್ಲ.

ಸೂಪರ್‌ವೈಸರ್ ಅವಳ ಪಟ್ಟಿಯನ್ನು ಎತ್ತಿ ಹಿಡಿದು ಶೆಡ್ಡಿಗೆಲ್ಲ ತೋರಿಸಿದ. ಕಿಟಕಿ ಪಕ್ಕದ ಮಿಷನ್ನು ಅವಳಿಗೆ ಕೊಟ್ಟ. ಆ ಮಿಷನ್ನಿಗೆ ಬೆಳಕು ಬೀಳುತ್ತದೆ, ಗಾಳಿ ಬರುತ್ತದೆ, ಸದ್ದೂ ಕಡಿಮೆ; ದೊಡ್ಡವಳು ವರ್ಷಗಳಿಂದ ಅದರ ಮೇಲೆ ಕಣ್ಣಿಟ್ಟಿದ್ದಳು. ಅಂದು ಮನೆಗೆ ನಡೆಯುವಾಗ ಚಿಕ್ಕವಳು, "ಅಕ್ಕ, ನೀವು ಕಲಿಸಿದ್ರಿಂದ ತಾನೇ," ಎಂದಳು. ಗಾಯದ ಮೇಲೆ ಉಪ್ಪು ಸವರಿದ ಹಾಗಾಯಿತು.

ಮುಂದೆ ದೊಡ್ಡವಳು ಮಾಡಿದ್ದು ಆಗ ಯಾರಿಗೂ ಗೊತ್ತಾಗಲಿಲ್ಲ. ಕದ್ದು ನೋಡಿ ಆ ಓರೆ ಹೊಲಿಗೆಯನ್ನು ಕಲಿತುಕೊಂಡಳು. ತನ್ನ ಪಟ್ಟಿಗಳಿಗೂ ಹಾಕಿದಳು. ಅವಳದಕ್ಕಿಂತ ಒಂದು ಕೈ ಮೇಲಾಗಿಯೇ ಹಾಕಿದಳು. ಸೂಪರ್‌ವೈಸರ್ ಮೇಜಿನ ರಾಶಿಯಿಂದ ಒಂದನ್ನು ಹೆಕ್ಕಿ, "ನೋಡ್ರಪ್ಪ, ಎಡಚಿ ಕೈ ಅಂದ್ರೆ ಇದು!" ಎಂದ. ಅದು ದೊಡ್ಡವಳು ಹೊಲಿದದ್ದು. ನನ್ನದು ಎಂದರೆ ಓರಗಿತ್ತಿಯಿಂದ ಕದ್ದೆ ಎಂದು ಒಪ್ಪಿಕೊಂಡಂತೆ. ಬಾಯಿ ಮುಚ್ಚಿಕೊಂಡಳು. ಅವಳ ಹೊಲಿಗೆಯ ಸಹವಾಸವೇ ಬೇಡ ಎಂದು ಅಂದೇ ಬಿಟ್ಟಳು. ಬಿಟ್ಟೆನೆಂದು ಆಕೆ ನಂಬಿದ್ದಳು, ಕೈಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಹೀಗಿರುವಾಗ ಆ ಚಿತ್ರ ಬಂತು. ಎಲ್ಲರೂ ಊಟಕ್ಕೆ ಕೂತಿದ್ದರು, ಟಿವಿ ತನ್ನ ಪಾಡಿಗೆ ಒದರುತ್ತಿತ್ತು. ಎಲ್ಲೋ ದೂರದ ಯುದ್ಧ. ಸಿಡಿಯದೆ ಉಳಿದಿದ್ದ ಮರಿ ಬಾಂಬೊಂದನ್ನು ಪುಟ್ಟ ಹುಡುಗಿಯೊಬ್ಬಳು ಬಾಲದ ಆಸೆಗೆ ಎತ್ತಿಕೊಂಡಿದ್ದಳಂತೆ, ಗೊಂಬೆಗೆ ಕಟ್ಟಲೆಂದು. ಹುಡುಗಿಯನ್ನು ತೋರಿಸಲಿಲ್ಲ. ಕೈಗವಸು ಹಾಕಿದ ಯಾರದೋ ಕೈ ಪಟ್ಟಿಯ ತುಂಡೊಂದನ್ನು ಎತ್ತಿ ಹಿಡಿದಿತ್ತು. ಸುಟ್ಟು, ಕೊಳೆಯಾಗಿ, ಅರ್ಧ ಹರಿದಿತ್ತು. ಕುಣಿಕೆ ಮಾತ್ರ ಬಿಟ್ಟಿರಲಿಲ್ಲ. ಮೂಲೆಯಲ್ಲಿ ಒಂದು ಪುಟ್ಟ ಓರೆ ಹೊಲಿಗೆ.

"ಎಡಚಿ! ಅದು ನಿನ್ನ ಹೊಲಿಗೆ ಅಲ್ವೇನೇ?"

ದೊಡ್ಡವಳ ಬಾಯಿಂದ ಬಂದ ಮಾತಿದು. ಗಾಬರಿಯಿಂದ ಬಂತು ಎಂದುಕೊಳ್ಳಬೇಡಿ. ಆಕೆಯ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಗಿತ್ತು. ಎತ್ತಿ ಹಿಡಿದು ಮೆರೆಸಿದರಲ್ಲ, ಈಗ ಜಗತ್ತೇ ಎತ್ತಿ ಹಿಡಿದಿದೆ, ನೋಡಿಕೊಳ್ಳಲಿ.

ಚಿಕ್ಕವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

"ಅಯ್ಯೋ, ಯಾರದ್ದೋ ಏನೋ," ಎಂದ ಮೈದುನ. "ನಾವು ಹೊಲಿಯದಿದ್ರೆ ಇನ್ನೊಬ್ಬರು ಹೊಲೀತಾರೆ."

"ಯುದ್ಧ ಅಂದ್ಮೇಲೆ ಇವೆಲ್ಲ ಇದ್ದದ್ದೇ," ಎಂದು ಅಣ್ಣ ದನಿಗೂಡಿಸಿದ. "ಮರಿ ಬಾಂಬ್ ಬೇಡ, ದೊಡ್ಡ ಬಾಂಬ್ ಹಾಕಿ ಅಂತಾರೇನು ಇವರು?"

"ದೊಡ್ಡ ಬಾಂಬನ್ನ ಮಗು ಎತ್ತಿಕೊಳ್ಳಲ್ಲ, ಭಾವ," ಎಂದಳು ಚಿಕ್ಕವಳು, ಅಷ್ಟೇ. ಎದ್ದು ಕೈ ತೊಳೆಯಲು ಹೋದವಳು ಬಹಳ ಹೊತ್ತು ಬರಲಿಲ್ಲ.

ಮರುದಿನದಿಂದ ಅವಳು ಶೆಡ್ಡಿಗೆ ಹೋಗಲಿಲ್ಲ. ಆ ಚಿತ್ರದ ಬೆನ್ನು ಹತ್ತಿ ಬಂದಿದ್ದ ವಿದೇಶದ ವರದಿಗಾರ್ತಿಯೊಬ್ಬಳು ಶೆಡ್ಡಿನ ಗೇಟಿನಲ್ಲಿ ಎಲ್ಲರನ್ನೂ ಮಾತಾಡಿಸಲು ನೋಡುತ್ತಿದ್ದಳು. ಎಲ್ಲರ ಬಾಯಿಗೂ ಬೀಗ. ಚಿಕ್ಕವಳು ತಾನೇ ನಡೆದು ಹೋಗಿ, ದುಭಾಷಿಯ ಮೂಲಕ, "ಆ ಹೊಲಿಗೆ ನಂದು," ಎಂದಳು.

ಆಮೇಲೆ ನೋಡಿ ಗದ್ದಲ! ಆ ಒಂದು ಮಾತು ಭೂಮಿ ಸುತ್ತಿತು. ದೇಶದೇಶದ ದೊಡ್ಡವರು ಸಭೆ ಸೇರಿ, ಈ ಬಗೆಯ ಬಾಂಬನ್ನು ನಿಷೇಧಿಸಬೇಕೆಂದು ಕೆಲವರು, ನಮ್ಮ ರಕ್ಷಣೆ ನಮ್ಮ ಹಕ್ಕೆಂದು ಕೆಲವರು ವಾದಿಸಿದರು. ಬೀದಿಗಳಲ್ಲಿ ಜನ ಬಿಳಿ ಪಟ್ಟಿ ತೋಳಿಗೆ ಕಟ್ಟಿಕೊಂಡು ನಡೆದರು. ಅದೇ ತಿಂಗಳು ಇನ್ನೆರಡು ಕಡೆ ಯುದ್ಧ ನಡೆಯುತ್ತಿತ್ತು, ಅಲ್ಲಿಂದ ಚಿತ್ರ ಬರಲಿಲ್ಲ, ಅದಕ್ಕೆ ಯಾರೂ ತೋಳಿಗೆ ಏನೂ ಕಟ್ಟಿಕೊಳ್ಳಲಿಲ್ಲ. ಚಿಕ್ಕವಳ ಮುಖ ಎಲ್ಲ ಪತ್ರಿಕೆಯಲ್ಲೂ ಬಂತು. ಕೆಳಗೆ ಒಂದೇ ಪದ: ಆತ್ಮಸಾಕ್ಷಿ.

ದೊಡ್ಡವಳಿಗೆ ಅನ್ನ ಸೇರದಾಯಿತು. ಚುಚ್ಚಲೆಂದು ಆಡಿದ ಮಾತು ಅವಳ ತಲೆಗೆ ಕಿರೀಟವಾಗಿ ಕೂತರೆ ಯಾರಿಗೆ ತಾನೇ ಸಹಿಸುತ್ತದೆ? ಮನೆಗೆ ಹೂವಿನ ಗೊಂಚಲುಗಳು ಬಂದವು. ನೀರು ತುಂಬಿದ ಬಕೆಟ್ಟಿನಲ್ಲಿ ಅವುಗಳನ್ನು ನಿಲ್ಲಿಸುವ ಕೆಲಸ ದೊಡ್ಡವಳಿಗೆ ಬಂತು. ಅತ್ತೆಗೆ ಆತ್ಮಸಾಕ್ಷಿ ಎಂದರೇನೆಂದು ಸರಿಯಾಗಿ ತಿಳಿಯದಿದ್ದರೂ, ಪಕ್ಕದ ಮನೆಯವರಿಗೆ, "ನಮ್ಮ ಎಡಚಿಗೆ ಅದು ಮೊದಲಿಂದ್ಲೂ ಇದೆ," ಎಂದರು. ಚಿಕ್ಕವಳು ಮಾತ್ರ ಹೂವಿನ ಕಡೆ ತಿರುಗಿ ನೋಡುತ್ತಿರಲಿಲ್ಲ. ದಿನೇ ದಿನೇ ಇಳಿದುಹೋದಳು. ಅದನ್ನು ಕಂಡು ದೊಡ್ಡವಳಿಗೆ ಒಮ್ಮೊಮ್ಮೆ ಕರುಳು ಚುರುಕ್ಕೆನ್ನುವುದೂ ಇತ್ತು. ಅಷ್ಟರಲ್ಲಿ ಮತ್ತೊಂದು ಗೊಂಚಲು ಬರುತ್ತಿತ್ತು, ಚುರುಕ್ಕು ಅಡಗಿ ಉರಿ ಏಳುತ್ತಿತ್ತು.

ಒಂದು ಲಾಭವಾಯಿತು. ಕಿಟಕಿ ಪಕ್ಕದ ಮಿಷನ್ನು ದೊಡ್ಡವಳಿಗೆ ಸಿಕ್ಕಿತು. ಕೂತಳು, ಬೆಳಕು ಬಿತ್ತು, ಗಾಳಿ ಬಂತು. ಹೊರಗೆ ಎದುರು ಗೋಡೆಗೆ ಪ್ರತಿಭಟನೆಯವರು ಆ ಪಟ್ಟಿಯ ಚಿತ್ರವನ್ನು ಆಳೆತ್ತರಕ್ಕೆ ಹಿಗ್ಗಿಸಿ ಅಂಟಿಸಿ ಹೋಗಿದ್ದರು. ತಲೆಯೆತ್ತಿದರೆ ಅದೇ. ಆಕೆ ಒಂದು ಕುಣಿಕೆ ಹೊಲಿದು, ದಾರ ಕತ್ತರಿಸಲು ಬಗ್ಗಿದಾಗ ಕೈಯಲ್ಲಿದ್ದ ಪಟ್ಟಿಯ ಮೂಲೆ ಕಣ್ಣಿಗೆ ಬಿತ್ತು. ಪುಟ್ಟ ಓರೆ ಹೊಲಿಗೆ. ಯಾವಾಗ ಹಾಕಿದೆ ಎಂದು ಆಕೆಗೇ ನೆನಪಿಲ್ಲ. ಹೊಲಿದಿಟ್ಟ ರಾಶಿಯನ್ನು ಕೆದಕಿದಳು. ಎಲ್ಲದರಲ್ಲೂ ಇತ್ತು. ಬಿಟ್ಟೆನೆಂದುಕೊಂಡದ್ದನ್ನು ಕೈ ಇಷ್ಟು ಕಾಲವೂ ಬಿಟ್ಟಿರಲಿಲ್ಲ.

ಆಮೇಲೆ ಗೋಡೆಯತ್ತ ನೋಡಿದಳು. ಎಡಗೈಯವಳು ಪಟ್ಟಿಯನ್ನು ಎಡಕ್ಕೆ ತಿರುಗಿಸುತ್ತಾಳೆ, ಅವಳ ಓರೆ ಹೊಲಿಗೆ ಎಡಕ್ಕೇ ವಾಲುತ್ತದೆ. ಕದ್ದು ಕಲಿತ ದಿನ ದೊಡ್ಡವಳು ಗಮನಿಸಿದ್ದು ಅದನ್ನೇ: ತನ್ನದು ಬಲಕ್ಕೆ ವಾಲುತ್ತಿತ್ತು. ಗೋಡೆಯ ಮೇಲಿನದು ಬಲಕ್ಕೆ ವಾಲಿತ್ತು. ಊಟಕ್ಕೆ ಕೂತಾಗ ಟಿವಿಯಲ್ಲೂ ಬಲಕ್ಕೇ ವಾಲಿದ್ದಿರಬೇಕು. ಅಂದು ಆಕೆ ನೋಡಿದ್ದು ಹೊಲಿಗೆಯನ್ನಲ್ಲ, ಓರಗಿತ್ತಿಯನ್ನು.

ಎದೆ ಒಡೆಯಬೇಕಿತ್ತು, ಅಳು ಬರಬೇಕಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ: ಆಕೆಗೆ ಮೊದಲು ಬಂದದ್ದು ಹೊಟ್ಟೆಯುರಿ. ಆ ಹೂವು, ಆ ಮುಖಪುಟ, ಆ ದೊಡ್ಡ ಪದ, ಎಲ್ಲ ತನಗೆ ಬರಬೇಕಾದದ್ದು! ತನ್ನ ಪಾಪವನ್ನೂ ಇವಳೇ ಹೊತ್ತು ಹೆಸರು ಮಾಡಿಕೊಂಡಳು! ಹುಡುಗಿ ನೆನಪಾದದ್ದು ಆಮೇಲೆ. ನೆನಪಾದಾಗ ಆಕೆ ಪೆಡಲಿನಿಂದ ಕಾಲು ತೆಗೆದಳು. ಆಮೇಲೆ ಪೂರ್ತಿ ಹೊತ್ತು ಗೋಡೆಯತ್ತ ತಲೆಯೆತ್ತದೆ ಹೊಲಿದಳು.

ಇತ್ತ ಕಂಪನಿಯವರು ಸುಮ್ಮನಿರಲಿಲ್ಲ. ಅದು ನಮ್ಮ ಪಟ್ಟಿಯೇ ಅಲ್ಲ, ಹೆಸರಿನ ಹುಚ್ಚಿಗೆ ಒಬ್ಬ ಹೆಂಗಸು ಸುಳ್ಳು ಹೇಳುತ್ತಿದ್ದಾಳೆ ಎಂದರು. ಕ್ಯಾಮೆರಾ ಮುಂದೆ ಆಕೆ ಹೊಲಿದು ತೋರಿಸಲಿ, ಚಿತ್ರದ ಪಕ್ಕ ಇಟ್ಟು ಜಗತ್ತೇ ನೋಡಲಿ ಎಂದು ಸವಾಲು ಹಾಕಿದರು. ಚಿಕ್ಕವಳು ಒಪ್ಪಿದಳು. ಸೂಪರ್‌ವೈಸರ್ ದೊಡ್ಡವಳ ಮಿಷನ್ನಿನ ಹತ್ತಿರ ಬಂದು ಬಗ್ಗಿ ನಕ್ಕ.

"ಎಡಚಿ ಹೊಲಿಗೆ ಎಡಕ್ಕೆ ಬೀಳುತ್ತೆ. ನನಗೂ ಗೊತ್ತು, ನಿಮಗೂ ಗೊತ್ತು. ನಿಮ್ಮ ರಾಶೀನೂ ಈಗ ಸರಿಯಾಗಿ ನೋಡಿದೆ; ಚಿತ್ರದಲ್ಲಿರೋದು ಯಾರದ್ದು ಅಂತಾನೂ ನಂಗೊತ್ತಿದೆ, ಅದು ನಮ್ಮಿಬ್ಬರಲ್ಲೇ ಇರಲಿ. ಈ ಕಿಟಕಿ ಇನ್ನು ನಿಮ್ಮದೇ ಅಂದ್ಕೊಳ್ಳಿ."

ಸುಮ್ಮನಿದ್ದರೆ ಸಾಕಿತ್ತು. ಸುಳ್ಳು ಹೇಳಬೇಕಾಗಿರಲಿಲ್ಲ, ಯಾರನ್ನೂ ತಳ್ಳಬೇಕಾಗಿರಲಿಲ್ಲ. ಚಿಕ್ಕವಳು ತಾನಾಗಿ ಹೋಗಿ ಜಗತ್ತಿನೆದುರು ಸುಳ್ಳಿಯಾಗುತ್ತಿದ್ದಳು. ಶೆಡ್ಡು ಕೈ ತೊಳೆದುಕೊಳ್ಳುತ್ತಿತ್ತು, ತಾನೂ ತೊಳೆದುಕೊಳ್ಳಬಹುದಿತ್ತು. ಮನೆಯಲ್ಲಿ ಎದುರುಬದುರು ಕೂತು ಉಂಡರೂ ದೊಡ್ಡವಳು ಬಾಯಿ ಬಿಡಲಿಲ್ಲ. ಹೇಳೋಣವೆಂದು ಒಮ್ಮೆ ಗಂಟಲವರೆಗೆ ಬಂತು. ಆಗಲೇ ಚಿಕ್ಕವಳ ಚಹಾ ಗುಟುಕರಿಸಿ ಅತ್ತೆ "ಹಾ!" ಎಂದರು. ಮಾತು ಹಾಗೇ ಒಳಗೆ ಹೋಯಿತು.

ಹೊಲಿದು ತೋರಿಸುವ ದಿನ ಶೆಡ್ಡಿನಲ್ಲಿ ಮಿಷನ್ನುಗಳೆಲ್ಲ ನಿಂತಿದ್ದವು. ಕಿಟಕಿ ಪಕ್ಕ ದೀಪಗಳು, ಕ್ಯಾಮೆರಾ, ಹಲಗೆಯ ಮೇಲೆ ಅದೇ ಚಿತ್ರ. ಮ್ಯಾನೇಜರ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೈಕಟ್ಟಿ ನಿಂತಿದ್ದ. ಹೊಲಿಯುವ ಹೆಂಗಸರು ಹಿಂದೆ ಗುಂಪಾಗಿದ್ದರು, ಅವರ ನಡುವೆ ದೊಡ್ಡವಳು. ವರದಿಗಾರ್ತಿ ಚಿಕ್ಕವಳ ಹಣೆಯ ಕೂದಲನ್ನು ಅಕ್ಕರೆಯಿಂದ ಹಿಂದೆ ಸರಿಸಿದ್ದನ್ನು ಆಕೆ ನೋಡಿದಳು. ಹೊಲೀ ಮತ್ತೆ, ಹೊಲಿದು ತೋರಿಸು, ಎಂದು ಮನಸ್ಸಿನಲ್ಲೇ ಹಲ್ಲು ಕಡಿದಳು.

ಚಿಕ್ಕವಳು ಮಿಷನ್ನಿನ ಮುಂದೆ ಕೂತು, ಪಟ್ಟಿ ಕೈಗೆತ್ತಿಕೊಂಡು, ಗುಂಪಿನಲ್ಲಿ ಯಾರನ್ನೋ ಹುಡುಕಿದಳು.

"ಅಕ್ಕ, ದಾರ ಸರಿಯಾಗಿ ಪೋಣಿಸಿದ್ದೀನಾ, ಒಂದ್ಸಲ ನೋಡ್ತೀರಾ?"

ಶೆಡ್ಡಿಗೆ ಬಂದ ಮೊದಲ ದಿನ ಕೇಳಿದ್ದೂ ಹೀಗೇ. ದೊಡ್ಡವಳು ಹೋಗಿ ಬಗ್ಗಿ ನೋಡಿದಳು. ದಾರ ಸರಿಯಾಗಿಯೇ ಇತ್ತು. ಅವಳ ಎಡಗೈ ಆಗಲೇ ಪಟ್ಟಿಯನ್ನು ಎಡಕ್ಕೆ ತಿರುಗಿಸಿ ಹಿಡಿದಿತ್ತು.

"ಏಳೇ," ಎಂದಳು ದೊಡ್ಡವಳು.

"ಯಾಕಕ್ಕ?"

"ಏಳು ಅಂದೆ. ಆ ಹೊಲಿಗೆ ನಿಂದಲ್ಲ, ನಂದು."

ಕರುಳು ಕರಗಿ ಹೇಳಿದಳೋ, ನನ್ನದನ್ನು ಇವಳು ಇನ್ನೆಷ್ಟು ದಿನ ತನ್ನದೆನ್ನುವುದು ಎಂಬ ಉರಿಯಿಂದ ಹೇಳಿದಳೋ, ಕೇಳಿದರೆ ಆಕೆಯೇ ಹೇಳಲಾರಳು. ಎರಡೂ ಇತ್ತೆಂದು ನನಗನಿಸುತ್ತದೆ. "ಏನಮ್ಮಾ ಇದು!" ಎಂದು ಸೂಪರ್‌ವೈಸರ್ ಮುಂದೆ ಬಂದ, ವರದಿಗಾರ್ತಿ ಕೈ ಅಡ್ಡ ಹಿಡಿದಳು. ದೊಡ್ಡವಳು ಕೂತು ಕುಣಿಕೆ ಮಡಚಿದಳು, ನೇರ ಹೊಲಿದಳು, ಚೂರು ತಿರುಗಿಸಿ ಓರೆಯಾಗಿ ಒಂದು ಹಾಕಿದಳು, ದಾರ ಕತ್ತರಿಸಿದಳು. ಚಿತ್ರದ ಪಕ್ಕ ಇಟ್ಟರು. ಬಲಕ್ಕೆ ವಾಲಿತ್ತು. ಮ್ಯಾನೇಜರ್ ಕಟ್ಟಿದ ಕೈ ಬಿಟ್ಟ.

ವರದಿಗಾರ್ತಿ ಚಿಕ್ಕವಳ ಕಡೆ ತಿರುಗಿ ಏನೋ ಕೇಳಿದಳು. "ಹಾಗಾದರೆ ನೀವು ಹೇಳಿದ್ದು ಸುಳ್ಳೇ?" ಎಂದು ದುಭಾಷಿ ಅನುವಾದಿಸಿದ.

ಚಿಕ್ಕವಳು ಆ ಪಟ್ಟಿಯನ್ನೇ ನೋಡುತ್ತಿದ್ದಳು. "ಚಿತ್ರಕ್ಕೆ ಸಿಕ್ಕಿದ್ದು ಅಕ್ಕಂದು," ಎಂದಳು ಕೊನೆಗೆ. "ಚಿತ್ರಕ್ಕೆ ಸಿಗದೆ ಇರೋವು ನನ್ನವು. ಅವು ಎಲ್ಲೆಲ್ಲಿ ಬಿದ್ದಿವೆಯೋ ನನಗೆ ಗೊತ್ತಿಲ್ಲ."

ಹಿಂದೆ ನಿಂತ ಹೆಂಗಸರೆಲ್ಲ ತಂತಮ್ಮ ಕೈ ನೋಡಿಕೊಂಡರು.

ಮನೆಗೆ ಇಬ್ಬರೂ ನಡೆದೇ ಹೋದರು. ದೊಡ್ಡವಳ ಕೆಲಸ ಅಲ್ಲೇ ಹೋಗಿತ್ತು, ಕಿಟಕಿಯೂ ಹೋಗಿತ್ತು.

"ನಿಂಗೆ ಕಣ್ಣಿಲ್ವಾ?" ಎಂದು ದೊಡ್ಡವಳು ಇದ್ದಕ್ಕಿದ್ದಂತೆ ರೇಗಿದಳು. "ಎಡಕ್ಕೋ ಬಲಕ್ಕೋ ಅಂತ ನೋಡ್ಬಾರ್ದಾ?"

"ನೀವು ಹೇಳಿದ್ರಲ್ಲ ಅಕ್ಕ, ನಿನ್ನ ಹೊಲಿಗೆ ಅಂತ. ಹೊಲಿಗೆ ಕಲಿಸಿದವರು ನೀವು. ನೀವು ಹೇಳಿದ್ಮೇಲೆ ನಾನು ನೋಡ್ಲೇ ಇಲ್ಲ."

ದೊಡ್ಡವಳು ಸೆರಗಿನಿಂದ ಮುಖ ಒರೆಸಿಕೊಂಡು ಬಿರಬಿರನೆ ಮುಂದೆ ನಡೆದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮುಂದಿನ ವಾರ ಆ ಕಾರ್ಯಕ್ರಮ ಟಿವಿಯಲ್ಲಿ ಬಂತು. ಮನೆಯವರೆಲ್ಲ ನಡುಮನೆಯಲ್ಲಿ ಕೂತರು. ದೊಡ್ಡವಳು ಯಾರಿಗೂ ಹೇಳದೆ ತಲೆ ಬಾಚಿಕೊಂಡಿದ್ದಳು. ಮೊದಲು ಚಿಕ್ಕವಳ ಮುಖ ಬಂತು, ದೊಡ್ಡದಾಗಿ, ಕಣ್ಣು ತುಂಬಿ. ಆಮೇಲೆ ಮಿಷನ್ನು, ಪಟ್ಟಿ, ಮತ್ತು ದೊಡ್ಡವಳ ಕೈ. ಬರೀ ಕೈ. ಮೊಣಕೈಯಿಂದ ಮೇಲೆ ಏನನ್ನೂ ತೋರಿಸಲಿಲ್ಲ. ಮುಖ ಅವಳದು, ಕೈ ನನ್ನದು; ನನ್ನ ಮುಖಕ್ಕೇನು ಬಂದಿತ್ತು ರೋಗ ಎಂದು ಹೊಟ್ಟೆಯಲ್ಲಿ ಹಳೆಯ ಕಿಚ್ಚು ಚುರ್ರೆಂದಿತು. ಅಷ್ಟರಲ್ಲಿ ಆ ಕೈ ಓರೆ ಹೊಲಿಗೆ ಹಾಕಿ ದಾರ ಕತ್ತರಿಸಿತು, ಚಿತ್ರ ಬದಲಾಯಿತು.

ಒಂದು ಶಾಲೆಯ ಕೋಣೆ. ಬೆಂಚಿನ ಮೇಲೆ ಪುಟ್ಟ ಹುಡುಗಿ, ನಾಲಿಗೆಯನ್ನು ತುಟಿಯಂಚಿಗೆ ಒತ್ತಿ, ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಅಕ್ಷರ ತಿದ್ದುತ್ತಿದ್ದಳು. ಅಕ್ಷರ ಸೊಟ್ಟಗೆ ಬರುತ್ತಿತ್ತು. ಅಳಿಸಿ ಮತ್ತೆ ಬರೆಯುತ್ತಿದ್ದಳು. ಕಾಗದ ಜಾರದ ಹಾಗೆ ಒತ್ತಿ ಹಿಡಿದದ್ದು ಬಲಗಡೆಯ ಮೊಣಕೈ. ಬಲ ತೋಳು ಅಲ್ಲಿಗೆ ಮುಗಿದಿತ್ತು.

ಅತ್ತೆಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಮುಂದಕ್ಕೆ ಬಾಗಿ ನೋಡಿ ಮುಗುಳ್ನಕ್ಕರು.

"ನೋಡ್ರೇ, ಈ ಮಗೂನೂ ನಮ್ಮ ಎಡಚಿ ಹಾಗೇ! ಇದೂ ಎಡಚಿ!"

ದೊಡ್ಡವಳು ತನ್ನ ಬಲಗೈಯನ್ನು ಮಡಿಲಿನಿಂದ ತೆಗೆದು ಸೆರಗಿನ ಒಳಗೆ ಅವಿತಿಟ್ಟಳು.

"ಅಲ್ಲ ಅತ್ತೆ," ಎಂದಳು. "ಆ ಮಗು ಎಡಚಿ ಅಲ್ಲ."